ಅಮೆರಿಕದ ಮುಂಗಡ ಮತದಾನ ಮತ್ತು ಅದರ ಸುತ್ತಲಿನ ಜಗಳ: ಜಾರ್ಜಿಯಾದಿಂದ ಕೆಲವು ಉತ್ತರಗಳು

ಎರಡು ವರ್ಷಕ್ಕೊಮ್ಮೆ, ಅಕ್ಟೋಬರ್ ಬಂತೆಂದರೆ ಇವೇ ಪ್ರಶ್ನೆಗಳು ಬರುತ್ತವೆ. ದಸರಾ ಕಾರ್ಯಕ್ರಮದ ಊಟದ ಸಾಲಿನಲ್ಲಿ ಕೇಳುತ್ತಾರೆ, ಊರಿನಿಂದ ಫೋನ್ ಮಾಡಿದವರು ಕೇಳುತ್ತಾರೆ, ಹೊಸದಾಗಿ ಪೌರತ್ವ ಪಡೆದವರು ಬರೆದು ಕೇಳುತ್ತಾರೆ. ಕೇಳಿದವರ ಮಾತನ್ನು ಹಾಗೆಯೇ ಇಟ್ಟುಕೊಂಡು ಉತ್ತರ ಬರೆದಿದ್ದೇನೆ. ನಾನಿರುವುದು ಅಟ್ಲಾಂಟಾ ಪಕ್ಕದಲ್ಲಿ, ಆದ್ದರಿಂದ ಉದಾಹರಣೆಗಳು ಹೆಚ್ಚಾಗಿ ಜಾರ್ಜಿಯಾ ರಾಜ್ಯದವು. ಬೇರೆ ರಾಜ್ಯದಲ್ಲಿರುವವರು ತಮ್ಮ ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ನಿಯಮವನ್ನು ಒಮ್ಮೆ ನೋಡಿಕೊಳ್ಳಬೇಕು. ಇಲ್ಲಿ ರಾಜ್ಯ ದಾಟಿದರೆ ನಿಯಮವೇ ಬೇರೆ.

## ಮೊದಲ ಪ್ರಶ್ನೆಗಳು

"ಚುನಾವಣೆ ನವೆಂಬರ್‌ನಲ್ಲಿ ಅಂದಿದ್ದೆ. ಅಕ್ಟೋಬರ್‌ನಲ್ಲೇ ವೋಟು ಹಾಕಿ ಬಂದೆ ಅಂತೀಯಲ್ಲ, ಅದು ಹೇಗೆ?"

ಚುನಾವಣೆಯ ದಿನಕ್ಕೂ ಮುಂಚೆ, ನಿಗದಿಯಾದ ಕೆಲವು ದಿನಗಳಲ್ಲಿ, ಮತಗಟ್ಟೆಗೆ ಖುದ್ದಾಗಿ ಹೋಗಿ ಮತ ಹಾಕುವುದೇ ಮುಂಗಡ ಮತದಾನ. ಕಾರಣ ಕೊಡಬೇಕಾಗಿಲ್ಲ. ಜಾರ್ಜಿಯಾದಲ್ಲಿ ಕನಿಷ್ಠ 17 ದಿನ ಈ ಅವಕಾಶವಿರುತ್ತದೆ. 2024ರಲ್ಲಿ ಅದು ಅಕ್ಟೋಬರ್ 15ಕ್ಕೆ ಶುರುವಾಯಿತು. ಆ ಒಂದೇ ದಿನ 3 ಲಕ್ಷಕ್ಕೂ ಹೆಚ್ಚು ಜನ ಮತ ಹಾಕಿದರು. ಚುನಾವಣೆಯ ದಿನ ನಿಮಗೆ ಗೊತ್ತುಮಾಡಿದ ಮತಗಟ್ಟೆಗೇ ಹೋಗಬೇಕು. ಮುಂಗಡ ಮತದಾನದಲ್ಲಿ ಹಾಗಲ್ಲ, ನಿಮ್ಮ ಕೌಂಟಿಯ ಯಾವ ಕೇಂದ್ರವಾದರೂ ಸರಿ. ಆಫೀಸಿನ ಹತ್ತಿರದ ಗ್ರಂಥಾಲಯದಲ್ಲಿ ಕೇಂದ್ರವಿದ್ದರೆ ಊಟದ ಬಿಡುವಿನಲ್ಲೇ ಮುಗಿಸಿ ಬರಬಹುದು.

ಟೆಕ್ಸಸ್ 1980ರ ದಶಕದ ಕೊನೆಯಲ್ಲಿ ಇದಕ್ಕೆ ದಾರಿ ಹಾಕಿತು. 2024ರ ಹೊತ್ತಿಗೆ 50 ರಾಜ್ಯಗಳಲ್ಲಿ 47 ಇದನ್ನು ಎಲ್ಲ ಮತದಾರರಿಗೂ ಕೊಟ್ಟಿದ್ದವು. ಉಳಿದ ಮೂರು ಅಲಬಾಮ, ಮಿಸ್ಸಿಸ್ಸಿಪ್ಪಿ ಮತ್ತು ನ್ಯೂ ಹ್ಯಾಂಪ್‌ಶೈರ್.

"ಮಂಗಳವಾರವೇ ಯಾಕೆ? ಅವತ್ತು ರಜೆ ಕೊಡಲ್ವಾ?"

1845ರಲ್ಲಿ ಅಮೆರಿಕದ ಸಂಸತ್ತು ನವೆಂಬರ್‌ನ ಮೊದಲ ಸೋಮವಾರದ ಮರುದಿನ ಎಂದು ಗೊತ್ತುಮಾಡಿತು. ಆಗ ಬಹುಪಾಲು ಜನ ರೈತರು. ಸುಗ್ಗಿ ಮುಗಿದಿರಬೇಕು, ಚಳಿ ಬಿಗಿಯಾಗಿರಬಾರದು, ಭಾನುವಾರದ ಚರ್ಚ್ ಮುಗಿಸಿ ಗಾಡಿ ಕಟ್ಟಿ ಪಟ್ಟಣ ಸೇರಲು ಒಂದು ದಿನ ಸಿಗಬೇಕು. ಆ ಲೆಕ್ಕ ಇಂದಿಗೂ ಬದಲಾಗಿಲ್ಲ.

ದೇಶಕ್ಕೆಲ್ಲ ಅನ್ವಯಿಸುವ ರಜೆಯೂ ಇಲ್ಲ. ಭಾರತದಲ್ಲಿ ಜನತಾ ಪ್ರಾತಿನಿಧ್ಯ ಕಾಯ್ದೆಯ 135ಬಿ ಕಲಮಿನಡಿ ಮತದಾನದ ದಿನ ಸಂಬಳಸಹಿತ ರಜೆ ಕೊಡಲೇಬೇಕು. ಇಲ್ಲಿ ಜಾರ್ಜಿಯಾದ ಕಾನೂನು ಹೇಳುವುದು ಎರಡು ಗಂಟೆಯವರೆಗಿನ ಬಿಡುವಿನ ಮಾತು ಮಾತ್ರ, ಅದಕ್ಕೂ ಸಂಬಳ ಕೊಡಬೇಕೆಂದಿಲ್ಲ. 2023ರಿಂದ ಆ ಬಿಡುವನ್ನು ಮುಂಗಡ ಮತದಾನದ ದಿನಗಳಲ್ಲೂ ಕೇಳಬಹುದು. ಗಂಟೆ ಲೆಕ್ಕದಲ್ಲಿ ಕೂಲಿ ಎಣಿಸುವವರಿಗೆ ಮಂಗಳವಾರದ ಉದ್ದನೆಯ ಸಾಲು ಎಂದರೆ ಕೈಬಿಟ್ಟ ದುಡ್ಡು. ಈ ಪುಟದ ಉಳಿದ ಜಗಳಗಳನ್ನು ಓದುವಾಗ ಇದೊಂದು ಮಾತು ನೆನಪಿನಲ್ಲಿರಲಿ.

"ಇದೂ ಅಂಚೆ ಮತವೂ ಒಂದೇನಾ? ನಮ್ಮಲ್ಲೂ ಅಂಚೆ ಮತ ಇದೆಯಲ್ಲ."

ಎರಡೂ ಬೇರೆ. ಮುಂಗಡ ಮತದಾನಕ್ಕೆ ನೀವೇ ಹೋಗಬೇಕು, ಗುರುತಿನ ಚೀಟಿ ತೋರಿಸಬೇಕು. ಅಂಚೆ ಮತಕ್ಕೆ ಅರ್ಜಿ ಹಾಕಿ, ಮತಪತ್ರವನ್ನು ಮನೆಗೆ ತರಿಸಿಕೊಂಡು, ತುಂಬಿ ಕಳಿಸಬೇಕು. ಜಾರ್ಜಿಯಾದಲ್ಲಿ ಅದು ಚುನಾವಣೆಯ ದಿನ ಸಂಜೆ 7ರೊಳಗೆ ಕೌಂಟಿ ಕಚೇರಿ ತಲುಪಿರಬೇಕು. ಅಂಚೆಯನ್ನು ನೆಚ್ಚಿಕೊಳ್ಳಲು ಮನಸ್ಸಿಲ್ಲದವರು ಕೌಂಟಿಯವರು ಇಟ್ಟ ಡ್ರಾಪ್ ಬಾಕ್ಸ್ ಎಂಬ ಪೆಟ್ಟಿಗೆಗೆ ಹಾಕಬಹುದು. ಆರೆಗಾನ್ ರಾಜ್ಯ 1998ರಲ್ಲಿ ಜನಮತದ ಮೂಲಕ ಚುನಾವಣೆಯನ್ನೇ ಅಂಚೆಗೆ ತಂದಿತು.

ಭಾರತದಲ್ಲಿ ಅಂಚೆ ಮತ ಸೈನಿಕರು, ಚುನಾವಣಾ ಕರ್ತವ್ಯದಲ್ಲಿರುವವರು ಮುಂತಾದ ಕೆಲವರಿಗೆ ಮಾತ್ರ. ಆದರೂ 2023ರ ವಿಧಾನಸಭಾ ಚುನಾವಣೆಯಲ್ಲಿ ಕರ್ನಾಟಕದ 80 ದಾಟಿದ ಹಿರಿಯರು ಮತ್ತು ಅಂಗವಿಕಲರು ಮೇ 10ಕ್ಕೆ ಮುಂಚೆಯೇ ಮನೆಯಲ್ಲಿ ಕೂತು ಮತ ಹಾಕಿದ್ದರು. ನಿಮ್ಮ ಮನೆಯ ಹಿರಿಯರೊಬ್ಬರು ಹಾಗೆ ಹಾಕಿದ್ದರೆ, ಅವರು ಆಗಲೇ ಮುಂಗಡ ಮತದಾನ ಮಾಡಿದ್ದಾರೆ.

"ಗ್ರೀನ್ ಕಾರ್ಡ್ ಇದೆ, ತೆರಿಗೆ ಕಟ್ಟುತ್ತೀನಿ. ನಾನು ಹಾಕಬಹುದಾ?"

ಇಲ್ಲ. ದಯವಿಟ್ಟು ಪ್ರಯತ್ನವನ್ನೂ ಮಾಡಬೇಡಿ. 1996ರ ಕಾನೂನಿನ ಪ್ರಕಾರ ಪೌರರಲ್ಲದವರು ರಾಷ್ಟ್ರ ಮಟ್ಟದ ಚುನಾವಣೆಯಲ್ಲಿ ಮತ ಹಾಕುವುದು ಅಪರಾಧ, ಗಡೀಪಾರಿಗೂ ಕಾರಣವಾಗಬಹುದು. ಜಾರ್ಜಿಯಾದಲ್ಲಿ ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗಲೇ ಮತದಾರರ ನೋಂದಣಿಯ ಪ್ರಶ್ನೆ ಬರುತ್ತದೆ. ಪರದೆಯ ಮೇಲೆ ಬಂದದ್ದನ್ನು ಓದದೆ ಒಪ್ಪಿಗೆ ಒತ್ತಿಬಿಡಬೇಡಿ.

"ಹಾಕಿದ ಮೇಲೆ ಮನಸ್ಸು ಬದಲಾದರೆ?"

ಜಾರ್ಜಿಯಾದಲ್ಲಿ, ಹಾಗೆಯೇ ಬಹುತೇಕ ರಾಜ್ಯಗಳಲ್ಲಿ, ಹಾಕಿದ್ದು ಹಾಕಿದ ಹಾಗೆಯೇ. ಮುಂಗಡ ಮತದಾನದ ನಿಜವಾದ ಕೊರತೆ ಇದು. 2020ರ ಮಾರ್ಚ್ 3ರಂದು ಹದಿನಾಲ್ಕು ರಾಜ್ಯಗಳಲ್ಲಿ ಡೆಮಾಕ್ರಟಿಕ್ ಪಕ್ಷದ ಪ್ರೈಮರಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆ, ಇತ್ತು. ಪೀಟ್ ಬುಟಿಜೆಜ್ ಮಾರ್ಚ್ 1ರಂದು, ಏಮಿ ಕ್ಲೋಬುಷರ್ ಮಾರ್ಚ್ 2ರಂದು ಕಣದಿಂದ ಹಿಂದೆ ಸರಿದರು. ಅಷ್ಟರಲ್ಲಿ ಅವರಿಗೆ ಬಿದ್ದಿದ್ದ ಮುಂಗಡ ಮತಗಳೆಲ್ಲ ವ್ಯರ್ಥವಾದವು. ಪ್ರೈಮರಿಯಲ್ಲಿ ಸ್ವಲ್ಪ ಕಾಯುವುದು ಒಳ್ಳೆಯದೆಂದು ನನ್ನ ಅನಿಸಿಕೆ. ನವೆಂಬರ್ ಚುನಾವಣೆಯಲ್ಲಿ ಮನಸ್ಸು ಗಟ್ಟಿಯಾಗಿದ್ದರೆ ಕಾಯುವ ಅಗತ್ಯ ಕಾಣುವುದಿಲ್ಲ.

ಅಂಚೆ ಮತಪತ್ರ ತರಿಸಿಕೊಂಡು ಇನ್ನೂ ಕಳಿಸದೇ ಇದ್ದವರು ಮುಂಗಡ ಕೇಂದ್ರಕ್ಕೆ ಹೋಗಿ, ಅದನ್ನು ರದ್ದು ಮಾಡಿಸಿ, ಖುದ್ದಾಗಿ ಮತ ಹಾಕಬಹುದು.

"ಅಮ್ಮನಿಗೆ ಪೌರತ್ವ ಬಂದಿದೆ, ಆದರೆ ಇಂಗ್ಲಿಷ್ ಓದಲು ಬರಲ್ಲ. ನಾನು ಜೊತೆಗೆ ಒಳಗೆ ಹೋಗಬಹುದಾ?"

ಹೋಗಬಹುದು. ನಮ್ಮವರಲ್ಲಿ ಬಹಳ ಮಂದಿಗೆ ಗೊತ್ತಿಲ್ಲದ ಹಕ್ಕು ಇದು, ಅದಕ್ಕೇ ಬಿಡಿಸಿ ಹೇಳುತ್ತೇನೆ. 1965ರ ಮತದಾನ ಹಕ್ಕುಗಳ ಕಾಯ್ದೆಗೆ 1982ರಲ್ಲಿ ಸೇರಿದ 208ನೇ ಕಲಮು ಕಣ್ಣು ಕಾಣದವರಿಗೆ, ಅಂಗವಿಕಲರಿಗೆ, ಓದು ಬರಹ ಬಾರದವರಿಗೆ ತಮ್ಮ ಇಷ್ಟದವರನ್ನು ಸಹಾಯಕ್ಕೆ ಕರೆದುಕೊಂಡು ಹೋಗುವ ಹಕ್ಕು ಕೊಡುತ್ತದೆ. ಮಗಳು, ಸೊಸೆ, ಪಕ್ಕದ ಮನೆಯವರು, ಯಾರಾದರೂ ಸರಿ. ಕೆಲಸ ಕೊಟ್ಟ ಮಾಲೀಕರು, ಅವರ ಕಡೆಯವರು ಮತ್ತು ಕಾರ್ಮಿಕ ಸಂಘದವರು ಮಾತ್ರ ಆಗುವುದಿಲ್ಲ. ಸಹಾಯಕ್ಕೆ ಬಂದವರ ಸಹಿ ಕೇಳುತ್ತಾರೆ, ಅದಕ್ಕೆ ಹೆದರಬೇಕಾಗಿಲ್ಲ. ಅಮ್ಮ ಹೇಳಿದ ಹೆಸರನ್ನೇ ಒತ್ತಿ. ಯಾರಿಗೆ ಹಾಕಬೇಕೆಂದು ಮನೆಯಲ್ಲಿ ಎಷ್ಟು ಬೇಕಾದರೂ ಮಾತಾಡಿ, ಯಂತ್ರದ ಮುಂದೆ ನಿಂತಾಗ ಮತ ಅವರದ್ದೇ.

ಅದೇ ಕಾಯ್ದೆಯ 203ನೇ ಕಲಮಿನಡಿ ಒಂದು ಭಾಷಾ ಸಮುದಾಯದಲ್ಲಿ ಇಂಗ್ಲಿಷ್ ಸರಿಯಾಗಿ ಬಾರದ ಮತದಾರರು 10,000 ದಾಟಿದರೆ, ಇಲ್ಲವೇ ಶೇ 5 ದಾಟಿದರೆ, ಕೌಂಟಿ ಅವರ ಭಾಷೆಯಲ್ಲಿ ಮತಪತ್ರ ಒದಗಿಸಬೇಕಾಗುತ್ತದೆ. ಷಿಕಾಗೋದ ಕುಕ್ ಕೌಂಟಿಯಲ್ಲಿ ಹಿಂದಿ, ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಬಂಗಾಳಿ ಬಂದದ್ದು ಹೀಗೆ. ಕನ್ನಡಕ್ಕೆ ಎಲ್ಲೂ ಆ ಸಂಖ್ಯೆಯಿಲ್ಲ. ಹಾಗಾಗಿ ಜೊತೆಗೆ ಹೋಗುವ ನಾವೇ ಅಮ್ಮನಿಗೆ ಕನ್ನಡದ ಮತಪತ್ರ.

## ಜಗಳ ಎಲ್ಲಿಂದ ಬಂತು

"ಇಲ್ಲಿ ಚುನಾವಣಾ ಆಯೋಗ ಅಂತ ಇಲ್ವಾ? ನಿಯಮ ಮಾಡೋರು ಯಾರು?"

ನಮ್ಮ ಸಂವಿಧಾನದ 324ನೇ ವಿಧಿಯ ಆಯೋಗದಂಥದ್ದು ಇಲ್ಲಿಲ್ಲ. ಚುನಾವಣೆಯ ಸಮಯ, ಸ್ಥಳ, ವಿಧಾನಗಳನ್ನು ರಾಜ್ಯದ ಶಾಸನಸಭೆಗಳೇ ಗೊತ್ತುಮಾಡಬೇಕು ಎಂದು ಅಮೆರಿಕದ ಸಂವಿಧಾನ ಹೇಳುತ್ತದೆ. ಬೇಕಾದಾಗ ಸಂಸತ್ತು ಕೈಹಾಕಬಹುದು. ನಡೆಸುವ ಕೆಲಸ ಕೌಂಟಿಗಳದ್ದು. ಜಾರ್ಜಿಯಾದಲ್ಲಿ 159 ಕೌಂಟಿಗಳಿವೆ.

ಮೇಲುಸ್ತುವಾರಿ ಸೆಕ್ರೆಟರಿ ಆಫ್ ಸ್ಟೇಟ್ ಎಂಬ ಅಧಿಕಾರಿಯದ್ದು, ಅವರೂ ಪಕ್ಷದ ಟಿಕೆಟ್‌ನಲ್ಲಿ ಗೆದ್ದು ಬಂದವರು. 2018ರಲ್ಲಿ ರಿಪಬ್ಲಿಕನ್ ಪಕ್ಷದ ಬ್ರಯನ್ ಕೆಂಪ್ ಆ ಹುದ್ದೆಯಲ್ಲಿ ಇದ್ದುಕೊಂಡೇ ರಾಜ್ಯಪಾಲರ ಚುನಾವಣೆಗೆ ನಿಂತರು, ಗೆದ್ದರು. (ಇಲ್ಲಿನ ರಾಜ್ಯಪಾಲರೆಂದರೆ ನಮ್ಮ ಮುಖ್ಯಮಂತ್ರಿಯ ಹಾಗೆ.) ಆಡುವವರೇ ಅಂಪೈರ್ ಆಗುವ ಈ ಏರ್ಪಾಡಿನಲ್ಲಿ, ಒಂದು ಪಕ್ಷ ನಿಯಮ ಬದಲಿಸಿದರೆ ಇನ್ನೊಂದಕ್ಕೆ ಅನುಮಾನ ಹುಟ್ಟದೆ ಇರುವುದಿಲ್ಲ. ನಮ್ಮ ಆಯೋಗದ ಬಗ್ಗೆ ನಮಗೆ ತಕರಾರುಗಳಿರಬಹುದು. ಆದರೂ ಮತಗಟ್ಟೆ ಎಷ್ಟು ಗಂಟೆಗೆ ತೆರೆಯಬೇಕೆಂದು ವಿಧಾನಸೌಧದಲ್ಲಿ ಪಕ್ಷಗಳು ಕೈಯೆತ್ತಿ ತೀರ್ಮಾನಿಸುವುದಿಲ್ಲ ಎನ್ನುವುದು ದೊಡ್ಡ ವಿಷಯ. ಇಲ್ಲಿಗೆ ಬಂದ ಮೇಲೆಯೇ ನನಗೆ ಅದರ ಬೆಲೆ ತಿಳಿದದ್ದು.

"ಜಾಸ್ತಿ ದಿನ ವೋಟು ಹಾಕಲು ಬಿಟ್ಟರೆ ಯಾರಿಗೇನು ನಷ್ಟ?"

ರಿಪಬ್ಲಿಕನ್ನರು ಹೇಳುವುದು: ದಿನ ಹೆಚ್ಚಿದಷ್ಟೂ ಸಿಬ್ಬಂದಿ, ಖರ್ಚು, ಕಾವಲು ಹೆಚ್ಚಬೇಕು, ಚಿಕ್ಕ ಕೌಂಟಿಗಳಿಗೆ ಅದು ಹೊರೆ, ಒಂದು ಕೌಂಟಿಯಲ್ಲಿ ಒಂದು ನಿಯಮ, ಪಕ್ಕದಲ್ಲಿ ಇನ್ನೊಂದು ಆದರೆ ನಂಬಿಕೆ ಹೋಗುತ್ತದೆ. ಡೆಮಾಕ್ರಟರು ಹೇಳುವುದು: ಕತ್ತರಿ ಬೀಳುವ ಗಂಟೆಗಳನ್ನು ನೋಡಿ, ಅವು ಯಾರು ಹೆಚ್ಚು ಬಳಸುವ ಗಂಟೆಗಳೋ ಅವರ ಮತವೇ ಕಡಿಮೆಯಾಗುತ್ತದೆ.

ಭಾನುವಾರವನ್ನೇ ತೆಗೆದುಕೊಳ್ಳಿ. ಕಪ್ಪು ವರ್ಣೀಯರ ಚರ್ಚ್‌ಗಳಲ್ಲಿ ಪ್ರಾರ್ಥನೆ ಮುಗಿಸಿ, ಹಿರಿಯರನ್ನು ಬಸ್ಸು ಹತ್ತಿಸಿಕೊಂಡು ಎಲ್ಲರೂ ಒಟ್ಟಾಗಿ ಮತಗಟ್ಟೆಗೆ ಹೋಗುವ ವಾಡಿಕೆಯಿದೆ. 'ಸೋಲ್ಸ್ ಟು ದ ಪೋಲ್ಸ್' ಎನ್ನುತ್ತಾರೆ. 2021ರಲ್ಲಿ ಜಾರ್ಜಿಯಾದ ಒಂದು ಮಸೂದೆ ಭಾನುವಾರಗಳನ್ನು ಒಂದಕ್ಕೆ ಇಳಿಸಲು ಹೊರಟಿತ್ತು. ದೊಡ್ಡ ಗದ್ದಲವೆದ್ದು ಅದನ್ನು ಕೈಬಿಟ್ಟರು. ಟೆಕ್ಸಸ್‌ನಲ್ಲಿ ಹ್ಯೂಸ್ಟನ್ ಇರುವ ಹ್ಯಾರಿಸ್ ಕೌಂಟಿ 2020ರಲ್ಲಿ ರಾತ್ರಿಯಿಡೀ ತೆರೆದಿರುವ ಕೇಂದ್ರಗಳನ್ನು ನಡೆಸಿತು. ರಾತ್ರಿ ಪಾಳಿಯ ನರ್ಸುಗಳಿಗೂ ಗೋದಾಮಿನ ಕೆಲಸಗಾರರಿಗೂ ಅದರಿಂದ ಅನುಕೂಲವಾಗಿತ್ತು. ಮರುವರ್ಷದ ರಾಜ್ಯ ಕಾನೂನು ಅದನ್ನು ನಿಲ್ಲಿಸಿತು. ಮುಂಗಡ ಮತದಾನವೇ ಬೇಡ ಎನ್ನುವವರು ಈಗ ವಿರಳ. ಹೊಡೆದಾಟವೆಲ್ಲ ಯಾವ ಭಾನುವಾರ, ಎಷ್ಟು ಗಂಟೆಯವರೆಗೆ, ಡ್ರಾಪ್ ಬಾಕ್ಸ್ ಕಟ್ಟಡದ ಒಳಗೋ ಹೊರಗೋ ಎಂಬುದರ ಮೇಲೆ.

"2021ರ ಜಾರ್ಜಿಯಾ ಕಾನೂನು ಅಂತ ಎಲ್ಲರೂ ಅಂತಾರೆ. ಅದರಲ್ಲಿ ನಿಜವಾಗಿ ಏನಿತ್ತು?"

ಹಿನ್ನೆಲೆ ಮೊದಲು. 2020ರಲ್ಲಿ ಜೋ ಬೈಡನ್ ಜಾರ್ಜಿಯಾವನ್ನು ಗೆದ್ದದ್ದು 11,779 ಮತಗಳಿಂದ. ಸುಮಾರು 50 ಲಕ್ಷ ಮತಗಳನ್ನು ಕೈಯಿಂದಲೇ ಮತ್ತೆ ಎಣಿಸಿದರೂ ಗೆದ್ದವರು ಬದಲಾಗಲಿಲ್ಲ. 2021ರ ಜನವರಿ 2ರಂದು ಡೊನಾಲ್ಡ್ ಟ್ರಂಪ್ ಸೆಕ್ರೆಟರಿ ಆಫ್ ಸ್ಟೇಟ್ ಬ್ರಾಡ್ ರಾಫೆನ್ಸ್‌ಪರ್ಗರ್ ಅವರಿಗೆ ಫೋನ್ ಮಾಡಿ 11,780 ಮತ ಹುಡುಕಿಕೊಡಿ ಎಂದರು. ಅವರು ಒಪ್ಪಲಿಲ್ಲ. ಮೂರು ದಿನಕ್ಕೆ, ಅಮೆರಿಕದ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಜಾರ್ಜಿಯಾಕ್ಕಿರುವ ಎರಡೂ ಸ್ಥಾನಗಳು ಡೆಮಾಕ್ರಟರ ಪಾಲಾದವು. ಮಾರ್ಚ್ 25ರಂದು, ಆ ಹೊತ್ತಿಗೆ ರಾಜ್ಯಪಾಲರಾಗಿದ್ದ ಕೆಂಪ್, 98 ಪುಟಗಳ ಎಸ್‌ಬಿ (ಸೆನೆಟ್ ಬಿಲ್) 202 ಕಾನೂನಿಗೆ ಸಹಿ ಹಾಕಿದರು.

ಅದರಲ್ಲಿ ಹಿಗ್ಗಿಸಿದ್ದೂ ಇದೆ, ಕುಗ್ಗಿಸಿದ್ದೂ ಇದೆ. ಒಂದಿದ್ದ ಕಡ್ಡಾಯ ಶನಿವಾರ ಎರಡಾಯಿತು, ಭಾನುವಾರ ಕೌಂಟಿಯ ಇಷ್ಟಕ್ಕೆ ಉಳಿಯಿತು. ಕನಿಷ್ಠ ಬೆಳಿಗ್ಗೆ 9ರಿಂದ ಸಂಜೆ 5 ಎಂದು ಸಮಯ ಖಚಿತವಾಯಿತು, 7ರಿಂದ 7ರವರೆಗೂ ತೆರೆಯಬಹುದು. ಹಳ್ಳಿಗಾಡಿನ ಎಷ್ಟೋ ಕೌಂಟಿಗಳಿಗೆ ಇದು ಲಾಭವೇ.

ಅಂಚೆ ಮತದ ಕಡೆ ಹಗ್ಗ ಬಿಗಿಯಾಯಿತು. ಸಹಿ ಹೋಲಿಸುವ ಬದಲು ಲೈಸೆನ್ಸ್ ಅಥವಾ ಗುರುತಿನ ಚೀಟಿಯ ಸಂಖ್ಯೆ ಕೇಳಿದರು. ಅರ್ಜಿ ಹಾಕುವ ಅವಧಿ 180 ದಿನದ ಮುಂಚಿನಿಂದ 78 ದಿನಕ್ಕೆ ಇಳಿಯಿತು, ಕೊನೆಯ ದಿನ ಚುನಾವಣೆಗೆ 11 ದಿನ ಮುಂಚೆ. ಡ್ರಾಪ್ ಬಾಕ್ಸ್ ಪ್ರತಿ ಕೌಂಟಿಗೆ ಒಂದು ಇರಲೇಬೇಕು, ಹೆಚ್ಚು ಬೇಕಿದ್ದರೆ ಸುಮಾರು ಒಂದು ಲಕ್ಷ ಮತದಾರರಿಗೆ ಒಂದರ ಲೆಕ್ಕ, ಅದೂ ಮುಂಗಡ ಕೇಂದ್ರದ ಒಳಗೆ, ಕೇಂದ್ರ ತೆರೆದಿದ್ದಾಗ ಮಾತ್ರ. ಅಟ್ಲಾಂಟಾದ ಫುಲ್ಟನ್ ಕೌಂಟಿಯಲ್ಲಿ 2020ರಲ್ಲಿ 38 ಪೆಟ್ಟಿಗೆಗಳಿದ್ದವು, ಅವು ಬೆರಳೆಣಿಕೆಗೆ ಬಂದವು. ಕಾನೂನಿನ ಪರ ಇರುವವರು ಕೋವಿಡ್‌ಗೆ ಮುಂಚೆ ಪೆಟ್ಟಿಗೆಗಳೇ ಇರಲಿಲ್ಲ, ಈಗ ಎಲ್ಲ ಕೌಂಟಿಯಲ್ಲೂ ಕಾಯಂ ಆಗಿವೆ ಎನ್ನುತ್ತಾರೆ. ಮಾತು ಸರಿಯೇ. ಆದರೆ ಸಂಜೆ ಕೇಂದ್ರ ಮುಚ್ಚಿದ ಮೇಲೆ ಕೈಗೆ ಸಿಗದ ಪೆಟ್ಟಿಗೆ, ಆ ಹೊತ್ತಿಗೆ ಕೆಲಸ ಬಿಡುವವನಿಗೆ ಇದ್ದೂ ಇಲ್ಲದ ಹಾಗೆ.

ಅಟ್ಲಾಂಟಾದಲ್ಲಿ ನಡೆಯಬೇಕಿದ್ದ ಬೇಸ್‌ಬಾಲ್ ಆಲ್‌ಸ್ಟಾರ್ ಪಂದ್ಯ ಈ ಕಾನೂನಿನ ಕಾರಣಕ್ಕೆ ಡೆನ್ವರ್‌ಗೆ ಹೋಯಿತು. ಕೇಂದ್ರದ ನ್ಯಾಯ ಇಲಾಖೆ 2021ರ ಜೂನ್‌ನಲ್ಲಿ ಮೊಕದ್ದಮೆ ಹೂಡಿತು, ಸರ್ಕಾರ ಬದಲಾದ ಮೇಲೆ 2025ರ ಮಾರ್ಚ್‌ನಲ್ಲಿ ಅದನ್ನು ಹಿಂತೆಗೆದುಕೊಂಡಿತು.

"ಸಾಲಲ್ಲಿ ನಿಂತವರಿಗೆ ನೀರು ಕೊಟ್ಟರೆ ಅಪರಾಧವಂತೆ, ನಿಜನಾ?"

ಅರ್ಧ ನಿಜ. ಎಸ್‌ಬಿ 202 ಪ್ರಕಾರ ಮತಗಟ್ಟೆಯ ಕಟ್ಟಡದಿಂದ 150 ಅಡಿಯೊಳಗೆ, ಅಥವಾ ಸಾಲಿನಲ್ಲಿ ನಿಂತವರಿಂದ 25 ಅಡಿಯೊಳಗೆ, ಯಾರೂ ಮತದಾರರಿಗೆ ಊಟ, ನೀರು ಕೊಡುವಂತಿಲ್ಲ. ಸಿಬ್ಬಂದಿ ಒಂದು ಕಡೆ ನೀರು ಇಟ್ಟು, ಬೇಕಾದವರು ಬಂದು ತೆಗೆದುಕೊಳ್ಳಲು ಬಿಡಬಹುದು. 2023ರ ಆಗಸ್ಟ್‌ನಲ್ಲಿ ಫೆಡರಲ್ ನ್ಯಾಯಾಧೀಶ ಜೆ. ಪಿ. ಬೂಲಿ 150 ಅಡಿಯ ನಿಷೇಧವನ್ನು ಹಾಗೆಯೇ ಇಟ್ಟು, ಅದರಾಚೆಗೂ ಚಾಚಿದ್ದ 25 ಅಡಿಯ ನಿಷೇಧಕ್ಕೆ ತಡೆ ಕೊಟ್ಟರು.

ಮತಗಟ್ಟೆಯ ಬಳಿ ಆಮಿಷ ಇರಬಾರದು ಎನ್ನುವುದು ನಮಗೂ ಹೊಸದಲ್ಲ, ಭಾರತದಲ್ಲಿ 100 ಮೀಟರ್ ಒಳಗೆ ಪ್ರಚಾರ ಮಾಡುವಂತಿಲ್ಲ. ಆದರೆ ನೀರಿಗಿಂತ ಸಾಲಿನ ಉದ್ದ ಮುಖ್ಯ. 2020ರ ಜೂನ್ 9ರ ಪ್ರೈಮರಿಯಲ್ಲಿ ಅಟ್ಲಾಂಟಾದ ಪಾರ್ಕ್ ಟಾವರ್ನ್ ಎಂಬ ಒಂದೇ ಮತಗಟ್ಟೆಗೆ 16,000ಕ್ಕೂ ಹೆಚ್ಚು ಮತದಾರರನ್ನು ಹಚ್ಚಿದ್ದರು. ಆ ದಿನ ಸಂಜೆ 7ರ ನಂತರ, ಬಹುಪಾಲು ಬಿಳಿಯರಲ್ಲದ ಬಡಾವಣೆಗಳ ಮತಗಟ್ಟೆಗಳಲ್ಲಿ ಸರಾಸರಿ 51 ನಿಮಿಷ ಕಾಯಬೇಕಾಯಿತು, ಬಹುಪಾಲು ಬಿಳಿಯರ ಕಡೆ 6 ನಿಮಿಷ. ಐವತ್ತೊಂದು ನಿಮಿಷ ನಿಲ್ಲಿಸುವ ಏರ್ಪಾಡನ್ನು ಸರಿಪಡಿಸದೆ ನೀರಿನ ಬಾಟಲಿಗೆ ಅಡಿ ಅಳೆದದ್ದು ನನಗೆ ಇಂದಿಗೂ ನೋವಿನ ಸಂಗತಿ.

"ಕಾನೂನು ಅಷ್ಟು ಕೆಟ್ಟದಾಗಿದ್ದರೆ ಮತದಾನ ಬಿದ್ದುಹೋಗಬೇಕಿತ್ತಲ್ಲ?"

ಬೀಳಲಿಲ್ಲ. 2022ರಲ್ಲಿ, ಅಧ್ಯಕ್ಷರ ಅವಧಿಯ ನಡುವೆ ಬರುವ ಮಧ್ಯಂತರ ಚುನಾವಣೆಯೊಂದಕ್ಕೆ ಹಿಂದೆಂದೂ ಕಾಣದಷ್ಟು ಮುಂಗಡ ಮತ ಬಿತ್ತು. 2024ರಲ್ಲಿ ಸುಮಾರು 53 ಲಕ್ಷ ಮತಗಳಲ್ಲಿ 40 ಲಕ್ಷಕ್ಕೂ ಹೆಚ್ಚು ಚುನಾವಣೆಯ ದಿನಕ್ಕೆ ಮುಂಚೆಯೇ ಬಿದ್ದಿದ್ದವು. 2022ರ ನಂತರ ಜಾರ್ಜಿಯಾ ವಿಶ್ವವಿದ್ಯಾಲಯ ನಡೆಸಿದ ಸಮೀಕ್ಷೆಯಲ್ಲಿ, ಮತ ಹಾಕುವ ಅನುಭವ ಕೆಟ್ಟದಾಗಿತ್ತು ಎಂದ ಕಪ್ಪು ವರ್ಣೀಯರ ಪ್ರಮಾಣ ಶೂನ್ಯ. ಕೆಂಪ್ ಪಾಳಯ ಇದನ್ನು ಎತ್ತಿ ಹಿಡಿಯಿತು. ಇನ್ನೊಂದು ಕಡೆ, ಮತದಾನದ ಹಕ್ಕಿನ ಬಗ್ಗೆ ಅಧ್ಯಯನ ನಡೆಸುವ ಬ್ರೆನನ್ ಸೆಂಟರ್ ಎಂಬ ಸಂಸ್ಥೆ, ಬಿಳಿಯರ ಮತ್ತು ಕಪ್ಪು ವರ್ಣೀಯರ ಮತದಾನ ಪ್ರಮಾಣದ ನಡುವಿನ ಅಂತರ ಆ ವರ್ಷ ಹಿಗ್ಗಿತೆಂದು ತೋರಿಸಿತು.

ಎರಡನ್ನೂ ಒಟ್ಟಿಗೆ ಹಿಡಿದು ನೋಡಬೇಕು. ಕಷ್ಟ ಹೆಚ್ಚಿದಾಗ ಜನ ಹಟಕ್ಕೆ ಬಿದ್ದು ಬರುತ್ತಾರೆ, ಸಂಘಟನೆಗಳು ಹಗಲಿರುಳು ದುಡಿಯುತ್ತವೆ, ಬಿಗಿ ಪೈಪೋಟಿಯ ರಾಜ್ಯದಲ್ಲಿ ಹಣ ಹರಿಯುತ್ತದೆ. ಒಟ್ಟು ಮತದ ಸಂಖ್ಯೆಯಿಂದ ಈ ಶ್ರಮ ಕಾಣುವುದಿಲ್ಲ. ಹಾಗೆಂದು 'ಮತದಾನವೇ ನಿಂತುಹೋಗುತ್ತದೆ' ಎಂದು 2021ರಲ್ಲಿ ಕೂಗಿದವರ ಮಾತೂ ನಿಜವಾಗಲಿಲ್ಲ. ಅದನ್ನು ಒಪ್ಪಿಕೊಳ್ಳಬೇಕು.

"2022ರಲ್ಲಿ ಒಂದು ಶನಿವಾರಕ್ಕೋಸ್ಕರ ಕೋರ್ಟಿಗೆ ಹೋದರಂತಲ್ಲ?"

ಹೌದು. ಜಾರ್ಜಿಯಾದಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬರದಿದ್ದರೆ ಮೊದಲಿಬ್ಬರ ನಡುವೆ ಮತ್ತೆ ಚುನಾವಣೆ ನಡೆಯುತ್ತದೆ. ಎಸ್‌ಬಿ 202 ಆ ನಡುವಿನ ಅವಧಿಯನ್ನು ಒಂಬತ್ತು ವಾರದಿಂದ ನಾಲ್ಕಕ್ಕೆ ಇಳಿಸಿತ್ತು. ಸೆನೆಟ್ ಸ್ಥಾನಕ್ಕೆ ನಿಂತಿದ್ದ ಡೆಮಾಕ್ರಟ್ ರಫೇಲ್ ವಾರ್ನಾಕ್ ಮತ್ತು ರಿಪಬ್ಲಿಕನ್ ಹರ್ಷಲ್ ವಾಕರ್ ನಡುವಿನ ಮರುಚುನಾವಣೆ ಡಿಸೆಂಬರ್ 6ಕ್ಕೆ. ಅದಕ್ಕೆ ಮುಂಚೆ ಮತದಾನಕ್ಕೆ ಸಿಗಬಹುದಾಗಿದ್ದದ್ದು ನವೆಂಬರ್ 26ರ ಒಂದೇ ಶನಿವಾರ. ಗುರುವಾರ ಥ್ಯಾಂಕ್ಸ್‌ಗಿವಿಂಗ್ ಹಬ್ಬ, ಶುಕ್ರವಾರ ರಾಜ್ಯದ ರಜೆ. (ಆ ಶುಕ್ರವಾರದ ರಜೆ ಹಿಂದೆ, ಗುಲಾಮಗಿರಿಯ ಪರ ನಿಂತ ದಕ್ಷಿಣದ ಸೇನಾನಿ ರಾಬರ್ಟ್ ಇ. ಲೀ ಹೆಸರಿನಲ್ಲಿತ್ತು. ಹೆಸರು ತೆಗೆದರು, ರಜೆ ಉಳಿಯಿತು.) ರಜೆಯ ಮರುದಿನದ ಶನಿವಾರ ಮತದಾನ ಕೂಡದು ಎಂದು ರಾಜ್ಯ ಹೇಳಿತು. ಡೆಮಾಕ್ರಟರು ಕೋರ್ಟಿಗೆ ಹೋದರು. ಫುಲ್ಟನ್ ಕೌಂಟಿಯ ನ್ಯಾಯಾಧೀಶ ಥಾಮಸ್ ಕಾಕ್ಸ್, ಆ ನಿರ್ಬಂಧ ಮರುಚುನಾವಣೆಗೆ ತಾಗುವುದಿಲ್ಲ ಎಂದರು. ರಾಜ್ಯದ ಸುಪ್ರೀಂ ಕೋರ್ಟ್ ತಡೆ ಕೊಡಲು ಒಪ್ಪಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ಕೌಂಟಿಗಳು ಬಾಗಿಲು ತೆರೆದವು. ಹಬ್ಬಕ್ಕೆ ಮನೆಗೆ ಬಂದಿದ್ದ ಕಾಲೇಜು ಮಕ್ಕಳು ಭಾನುವಾರ ಹಾಸ್ಟೆಲಿಗೆ ಮರಳುವ ಮುಂಚೆ ಮತ ಹಾಕಲು ಸಾಧ್ಯವಾಯಿತು. ಕಾನೂನಿನ ಒಂದು ವಾಕ್ಯದಿಂದ ಒಂದು ಶನಿವಾರ ಹೋಗುತ್ತದೆ, ಒಂದು ತೀರ್ಪಿನಿಂದ ಮರಳಿ ಬರುತ್ತದೆ. ಯಾರಾದರೂ ಆ ವಾಕ್ಯವನ್ನು ಓದಿರಬೇಕು, ಅಷ್ಟೆ.

## ಇನ್ನೂ ಆಳಕ್ಕೆ

"ಕೋರ್ಟುಗಳು ಯಾರ ಪರ?"

ಒಂದೇ ಕಡೆಗೆ ವಾಲಿಲ್ಲ. ವರ್ಣಭೇದದ ಇತಿಹಾಸವಿದ್ದ ಜಾರ್ಜಿಯಾದಂಥ ರಾಜ್ಯಗಳು ಮತದಾನದ ನಿಯಮ ಬದಲಿಸುವ ಮುಂಚೆ ಕೇಂದ್ರದ ಒಪ್ಪಿಗೆ ಪಡೆಯಬೇಕೆಂದು 1965ರ ಕಾಯ್ದೆ ಹೇಳಿತ್ತು. 2013ರಲ್ಲಿ ಶೆಲ್ಬಿ ಕೌಂಟಿ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5–4ರ ತೀರ್ಪಿನಿಂದ ಆ ಕಟ್ಟನ್ನು ಸಡಿಲಿಸಿತು. ಅದೇ ವರ್ಷ ನಾರ್ತ್ ಕ್ಯಾರೊಲೈನಾ ಮುಂಗಡ ಮತದಾನವನ್ನು 17 ದಿನದಿಂದ 10ಕ್ಕೆ ಇಳಿಸಿತು. ಶಾಸಕರು ಮೊದಲು ಜನಾಂಗವಾರು ಅಂಕಿ ಅಂಶ ತರಿಸಿ ನೋಡಿದ್ದರೆಂಬುದು ವಿಚಾರಣೆಯಲ್ಲಿ ಬಯಲಾಯಿತು. ಕಾನೂನು ಕಪ್ಪು ವರ್ಣೀಯರನ್ನು ಹೆಚ್ಚುಕಡಿಮೆ ಶಸ್ತ್ರಚಿಕಿತ್ಸೆಯ ಕರಾರುವಾಕ್ಕಿನಿಂದ ಗುರಿ ಮಾಡಿದೆ ಎಂದು 2016ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಹೊಡೆದುಹಾಕಿತು. 2021ರಲ್ಲಿ ಅರಿಜೋನಾದ ಬ್ರನೊವಿಚ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 6–3ರಿಂದ ಇಂಥ ನಿಯಮಗಳನ್ನು ಪ್ರಶ್ನಿಸುವ ದಾರಿಯನ್ನು ಇನ್ನಷ್ಟು ಕಿರಿದು ಮಾಡಿತು.

"ಮುಂಗಡ ಮತ ಅಂದರೆ ಡೆಮಾಕ್ರಟರಿಗೆ ಲಾಭ, ಅಲ್ವಾ?"

2020ರಲ್ಲಿ ಹಾಗೆ ಕಂಡಿತು. ಕೋವಿಡ್ ಸಮಯದಲ್ಲಿ 10 ಕೋಟಿ ಜನ ಮುಂಚಿತವಾಗಿಯೇ ಮತ ಹಾಕಿದರು. ಟ್ರಂಪ್ ಅಂಚೆ ಮತದ ವಿರುದ್ಧ ಮಾತಾಡುತ್ತಿದ್ದುದರಿಂದ ಅವರ ಬೆಂಬಲಿಗರು ಚುನಾವಣೆಯ ದಿನಕ್ಕೇ ಕಾದರು. 2023ರಲ್ಲಿ ರಿಪಬ್ಲಿಕನ್ ಪಕ್ಷವೇ 'ಬ್ಯಾಂಕ್ ಯುವರ್ ವೋಟ್' ಎಂದು ಮುಂಗಡ ಮತಕ್ಕೆ ಪ್ರಚಾರ ಶುರುಮಾಡಿತು. 2024ರಲ್ಲಿ ಜಾರ್ಜಿಯಾದಲ್ಲಿ ಮುಂಗಡ ಮತ ದಾಖಲೆ ಮುರಿಯಿತು, ಗೆದ್ದವರು ಟ್ರಂಪ್.

ಸಂಶೋಧನೆಯೂ ಇದನ್ನೇ ಹೇಳುತ್ತದೆ. ಎಲ್ಲರಿಗೂ ಅಂಚೆ ಮತಪತ್ರ ಕಳಿಸುವುದರಿಂದ ಯಾವ ಪಕ್ಷಕ್ಕೂ ಲಾಭವಿಲ್ಲ ಎಂದು ಸ್ಟ್ಯಾನ್‌ಫರ್ಡ್ ಸಂಶೋಧಕರು 2020ರಲ್ಲಿ ಕಂಡುಕೊಂಡರು. ಮುಂಗಡ ಮತದಾನ ಒಂದರಿಂದಲೇ ಮತದಾನ ಪ್ರಮಾಣ ಏರುವುದಿಲ್ಲ, ಚುನಾವಣೆ ದಿನದ ಸಡಗರ ಹಂಚಿಹೋಗಿ ತುಸು ಇಳಿಯಲೂಬಹುದು ಎಂದು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರ 2014ರ ಅಧ್ಯಯನ ಹೇಳಿತು. ನಾನು ಮುಂಗಡ ಮತದಾನದ ಪರ ಇರುವುದು ಒಟ್ಟು ಸಂಖ್ಯೆಗಾಗಿ ಅಲ್ಲ. ಕೈಯಲ್ಲಿ ಮಗು ಇರುವವಳು, ಡಯಾಲಿಸಿಸ್‌ಗೆ ಹೋಗುವವರು, ಎರಡು ಕಡೆ ದುಡಿಯುವವನು ತಮಗೆ ಆಗುವ ದಿನ ಬರಲಿ ಎಂಬ ಕಾರಣಕ್ಕೆ.

"ಮುಂಚೆ ಹಾಕಿದ್ದನ್ನು ಮುಂಚೆಯೇ ಎಣಿಸಿದರೆ ಫಲಿತಾಂಶ ಸೋರಲ್ವಾ?"

ಫಲಿತಾಂಶ ಹೊರಬೀಳುವುದು ಮತದಾನ ಮುಗಿದ ಮೇಲೆಯೇ. ಲಕೋಟೆ ತೆರೆದು, ಪರಿಶೀಲಿಸಿ, ಸಿದ್ಧ ಮಾಡಿಟ್ಟುಕೊಳ್ಳುವುದನ್ನು ಮಾತ್ರ ಮುಂಚೆ ಮಾಡಬಹುದೇ ಎಂಬುದು ರಾಜ್ಯಕ್ಕೊಂದು ಬಗೆ. ಪೆನ್ಸಿಲ್ವೇನಿಯಾ, ವಿಸ್ಕಾನ್ಸಿನ್‌ಗಳಲ್ಲಿ ಚುನಾವಣೆಯ ಬೆಳಿಗ್ಗೆಯವರೆಗೆ ಮುಟ್ಟುವಂತಿಲ್ಲ. 2020ರಲ್ಲಿ ಅಲ್ಲಿ ರಾತ್ರಿ ಟ್ರಂಪ್ ಮುಂದಿದ್ದು, ಅಂಚೆ ಮತ ಎಣಿಸಿದ ಹಾಗೆ ಬೈಡನ್ ಮುಂದೆ ಬಂದದ್ದು ಈ ಕಾರಣಕ್ಕೆ. ಎಣಿಕೆಯ ಸರದಿಯನ್ನೇ ಮೋಸವೆಂದು ನಂಬಿದವರು ಇಂದಿಗೂ ಇದ್ದಾರೆ. ಜಾರ್ಜಿಯಾ ಸಿದ್ಧತೆಯನ್ನು ಮುಂಚೆಯೇ ಮಾಡಲು ಬಿಡುತ್ತದೆ. ಎಸ್‌ಬಿ 202ರಲ್ಲಿ ನಾನು ಮನಸಾರೆ ಮೆಚ್ಚುವ ಭಾಗ ಇದು.

"ನನ್ನ ಹೆಸರಿನ ಮೇಲೆ ಯಾರೋ ಆಕ್ಷೇಪಣೆ ಹಾಕಿದ್ದಾರಂತೆ. ಏನು ಮಾಡಲಿ?"

ಜಾರ್ಜಿಯಾದಲ್ಲಿ ಯಾವ ಮತದಾರರಾದರೂ ತಮ್ಮ ಕೌಂಟಿಯ ಇನ್ನೊಬ್ಬ ಮತದಾರರ ಅರ್ಹತೆಯನ್ನು ಪ್ರಶ್ನಿಸಬಹುದು. ಒಬ್ಬರು ಎಷ್ಟು ಹೆಸರುಗಳನ್ನಾದರೂ ಪ್ರಶ್ನಿಸಬಹುದು ಎಂದು ಎಸ್‌ಬಿ 202 ಸ್ಪಷ್ಟವಾಗಿ ಬರೆಯಿತು. ಆಮೇಲೆ ಹತ್ತಾರು ಸಾವಿರ ಹೆಸರುಗಳ ಪಟ್ಟಿಗಳು ಬಂದವು. ಬಹುಪಾಲು ತಳ್ಳಿಹೋದವು. ಮನೆ ಬದಲಿಸಿದವರು, ವಿಳಾಸದಲ್ಲಿ ಅಪಾರ್ಟ್‌ಮೆಂಟ್ ಸಂಖ್ಯೆ ಬಿಟ್ಟವರು ಇಂಥ ಪಟ್ಟಿಗೆ ಸಿಕ್ಕಿಬೀಳುತ್ತಾರೆ. ನಮ್ಮ ಹೆಸರುಗಳ ಕಾಗುಣಿತವೂ ಒಂದು ದಾಖಲೆಯಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ ಇರುತ್ತದೆ. ಪಾಸ್‌ಪೋರ್ಟ್, ಲೈಸೆನ್ಸ್, ಮತದಾರರ ಪಟ್ಟಿ ಮೂರರಲ್ಲೂ ಒಂದೇ ರೀತಿ ಇದೆಯೇ ನೋಡಿ.

ಸೆಪ್ಟೆಂಬರ್‌ನಲ್ಲೇ ರಾಜ್ಯದ 'ಮೈ ವೋಟರ್ ಪೇಜ್'ನಲ್ಲಿ ನಿಮ್ಮ ಹೆಸರು ಹುಡುಕಿ. ನೋಂದಣಿಗೆ ಕೊನೆಯ ದಿನ ಚುನಾವಣೆಗೆ ಸುಮಾರು ಒಂದು ತಿಂಗಳು ಮುಂಚೆ, ಆ ಗಡುವು ದಾಟಿದರೆ ಜಾರ್ಜಿಯಾದಲ್ಲಿ ದಾರಿಯಿಲ್ಲ. ಕೌಂಟಿಯಿಂದ ಪತ್ರ ಬಂದರೆ ಬದಿಗಿಡದೆ ಅದೇ ವಾರ ಉತ್ತರ ಕೊಡಿ, ವಿಚಾರಣೆಗೆ ಕರೆದರೆ ಮನೆಯ ಕರೆಂಟು ಬಿಲ್ಲು, ಲೈಸೆನ್ಸ್ ಹಿಡಿದು ಹೋಗಿ. ಮತಗಟ್ಟೆಯಲ್ಲಿ ಹೆಸರಿಲ್ಲ ಎಂದರೆ ಸುಮ್ಮನೆ ವಾಪಸ್ ಬರಬೇಡಿ. ತಾತ್ಕಾಲಿಕ ಮತಪತ್ರ, ಅಂದರೆ ಪ್ರಾವಿಜನಲ್ ಬ್ಯಾಲಟ್, ಕೇಳಿ. ಮುಂಗಡ ಮತದಾನದ ಮೊದಲ ವಾರವೇ ಹೋದರೆ, ಇಂಥ ತೊಡಕು ಎದುರಾದರೂ ಬಿಡಿಸಿಕೊಳ್ಳಲು ಎರಡು ವಾರ ಕೈಯಲ್ಲಿರುತ್ತದೆ. ಕೊನೆಯ ದಿನಕ್ಕೇ ಬಂತೆಂದರೆ, ಸಂಜೆ 7ಕ್ಕೆ ನೀವು ಸಾಲಿನಲ್ಲಿ ಇರಬೇಕು. ಇದ್ದರೆ, ಎಷ್ಟೇ ಹೊತ್ತಾದರೂ ಮತ ಹಾಕದೆ ಮನೆಗೆ ಹೋಗಿ ಎಂದು ಯಾರೂ ನಿಮಗೆ ಹೇಳುವಂತಿಲ್ಲ.